ಮಂದಿಯ ಹೊಲದಲ್ಲಿ ಎಳ್ಳಮಾಸಿ

ಕಾರಿನ ಡಿಕ್ಕಿಯಲ್ಲಿ ಹದಿನಾಲ್ಕು ಡಬ್ಬಿಗಳನ್ನು ಹನಿಯೂ ತುಳುಕದಂತೆ ಜೋಡಿಸುವ ವಿದ್ಯೆಯನ್ನು ಅರವತ್ನಾಲ್ಕರೊಳಗೆ ಸೇರಿಸದೆ ಬಿಟ್ಟದ್ದು ಶಾಸ್ತ್ರಕಾರರ ದೊಡ್ಡ ಅನ್ಯಾಯ. ಆ ವಿದ್ಯೆಯಲ್ಲಿ ನನ್ನ ಹೆಂಡತಿ ಪಾರಂಗತೆ. ನಾನು ಡಿಕ್ಕಿಯ ಬಾಗಿಲು ಹಿಡಿದು ನಿಲ್ಲುವ ದ್ವಾರಪಾಲಕ ಮಾತ್ರ. ಈ ಸಲದ ಎಳ್ಳಮಾಸಿಯ ಬೆಳಿಗ್ಗೆಯೂ ಗಂಗಾವತಿಯ ನಮ್ಮ ಮನೆಯೆದುರು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಲೆ, ಮೊಸರನ್ನಗಳು ತಂತಮ್ಮ ಪದವಿಗೆ ತಕ್ಕಂತೆ ಆಸೀನವಾದವು. ಏನೂ ಮರೆತಿಲ್ಲವೆಂದು ಮೂರು ಸಲ ಖಾತ್ರಿ ಮಾಡಿಕೊಂಡೆವು. ಓದುಗ ಮಹಾಶಯರೇ, ಇಷ್ಟು ಖಾತ್ರಿಯಾದಾಗಲೇ ಮನುಷ್ಯ ಅಂಜಬೇಕು.

ಎಳ್ಳಮಾಸಿಯೆಂದರೆ ಹೊಲಕ್ಕೆ ಉಣಿಸುವ ಹಬ್ಬ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, 'ಹುಲಿಗ್ಯೋ' ಎಂದು ಕೂಗುತ್ತ ಹೊಲದ ಸುತ್ತ ಎಡೆಯ ಚರಗ ಚೆಲ್ಲಿ, ಆಮೇಲೆ ಬಳಗವೆಲ್ಲ ಅಲ್ಲೇ ಕೂತು ಉಣ್ಣುವುದು. ಬೇವೂರಿನ ಹತ್ತಿರದ ನಮ್ಮ ಹೊಲಕ್ಕೆ ಪ್ರತಿವರ್ಷ ಅಪ್ಪ ಮುಂದೆ, ನಾವು ಹಿಂದೆ. ಅಪ್ಪ ಶ್ರಾವಣದಲ್ಲಿ ತೀರಿಕೊಂಡ. ಮೊಣಕಾಲು ಸೋತ ಅವ್ವ ಈ ಸಲ ಹೊಸ್ತಿಲಲ್ಲೇ ಉಳಿದಳು.

"ಅಪ್ಪ ಇಲ್ಲಂತ ಹೊಲ ಉಪಾಸ ಇರಬಾರದು. ಛಲೋತ್ನಂಗ ಉಣಿಸಿ ಬರ್ರಿ" ಎಂದಳು.

ಕನಕಗಿರಿ ದಾಟಿದೆವು, ಕುಷ್ಟಗಿಯಲ್ಲಿ ತಮ್ಮನ ಕಾರು ಜೊತೆಯಾಯಿತು. ಹಿಂದೆಲ್ಲ ಅಪ್ಪ ಮುಂದಿನ ಸೀಟಿನಲ್ಲಿ ಕೂತು ಎಡಬಲದ ಹೊಲಗಳ ವಂಶಾವಳಿಯನ್ನು ಪುರಾಣದಂತೆ ಪಠಿಸುತ್ತಿದ್ದ. ನಾವು ಹಾಡಿನ ದನಿ ಏರಿಸುತ್ತಿದ್ದೆವು. ಈ ಸಲ ಹಾಡು ಹಚ್ಚಲು ಯಾರಿಗೂ ಮನಸ್ಸಾಗಲಿಲ್ಲ.

ಹೊಲದ ಬಗ್ಗೆ ನಮಗಿದ್ದ ಸಮಸ್ತ ಜ್ಞಾನವೆಂದರೆ ರಸ್ತೆಗೆ ಹತ್ತಿದ ಒಂದು ಬನ್ನಿಗಿಡ. ಗಿಡ ಕಂಡಿತು, ಇಳಿದೆವು. ಐದು ಕಲ್ಲು ಆರಿಸಿದೆವು, ಪೂಜಿಸಿದೆವು, ಚೆಲ್ಲಿದೆವು, ಉಂಡೆವು. ಕೈ ತೊಳೆಯುವ ಹೊತ್ತಿಗೆ, ನಮ್ಮ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುವ ದಾವಲಸಾಬ ಬದುವಿನ ಮೇಲೆ ಓಡುತ್ತ ಬಂದ.

"ಅಣ್ಣಾರ, ಇಲ್ಯಾಕ ಕುಂತೀರಿ? ಇದು ಮಂದಿ ಹೊಲರಿ! ನಿಮ್ಮದು ಆ ಕಡಿ ಐತಿ, ಎರಡು ಹೊಲ ದಾಟಿ. ಮುಂಜಾನಿಂದ ಕಸ ಹೊಡದು, ಐದು ಕಲ್ಲಿಗೆ ಸುಣ್ಣ ಹಚ್ಚಿ ಹಾದಿ ನೋಡಾಕಹತ್ತೀನಿ."

"ಬನ್ನಿಗಿಡ ಇಲ್ಲೇ ಐತಲ್ಲೋ ಮಾರಾಯ?"

"ನಿಮ್ಮ ಗಿಡ ಮುಂಗಾರಿ ಗಾಳಿಗೆ ಬಿತ್ತಲ್ರಿ. ಅಪ್ಪಾರಿಗೆ ಹೇಳಿದ್ದೆ."

ಹೀಗೆ, ಪರರ ಭೂಮಿಗೆ ಯಥಾವಿಧಿ ಸಂತರ್ಪಣೆ ಮಾಡಿದ ಪುಣ್ಯವಂತರು ನಾವು. ಹದಿನಾಲ್ಕು ಡಬ್ಬಿ ಕೆರೆದರೆ ಸಿಕ್ಕಿದ್ದು ಒಂದೂವರೆ ರೊಟ್ಟಿ, ತಳಕ್ಕಂಟಿದ ಮೊಸರನ್ನ. ನಮ್ಮ ಹೊಲದಲ್ಲಿ ಸುಣ್ಣ ಬಳಿದುಕೊಂಡ ಐದೂ ಕಲ್ಲುಗಳು ಸಾಲಾಗಿ ಕೂತು ಕಾಯುತ್ತಿದ್ದವು. 'ಹುಲಿಗ್ಯೋ' ಎಂದು ದಾವಲಸಾಬನೇ ಕೂಗಿದ. ನಾನು ಹಿಂದಿನಿಂದ ರೊಟ್ಟಿಯ ಚೂರು ಚೆಲ್ಲುತ್ತ ನಡೆದೆ. ಹೊಲದ ಮೂರನೆಯ ಬದುವಿಗೆ ಬರುವಷ್ಟರಲ್ಲಿ ರೊಟ್ಟಿ ಮುಗಿದಿತ್ತು.

ಕುಷ್ಟಗಿಯಲ್ಲಿ ಬೇರೆಯಾಗುವಾಗ ತಮ್ಮ ನನ್ನ ಕಾರಿನ ಕಿಟಕಿಗೆ ಬಾಗಿ, "ಅವ್ವಗ ಹೇಳಬ್ಯಾಡಪಾ. ತಡಕೊಳ್ಳಂಗಿಲ್ಲ ಆಕಿ" ಎಂದ. ಯಾವ ವಿಷಯಕ್ಕೂ ಒಮ್ಮತವಾಗದ ನಮ್ಮ ಮನೆತನದಲ್ಲಿ ಇದೊಂದು ಠರಾವು ಸರ್ವಾನುಮತದಿಂದ ಪಾಸಾಯಿತು.

ಅವ್ವ ಪಡಸಾಲೆಯಲ್ಲೇ ಕೂತಿದ್ದಳು.

"ಹೊಲ ಉಂಡ್ತೇನು?"

"ಹೊಟ್ಟಿ ತುಂಬ ಉಂಡ್ತವ್ವಾ."

"ನೀವು ಎಲ್ಲಿ ಕುಂತು ಉಂಡ್ರಿ?"

"ಮತ್ತೆಲ್ಲಿ, ನಮ್ಮ ಬನ್ನಿಗಿಡದ ನೆಳ್ಳಾಗ."

ಅವ್ವ ನನ್ನನ್ನು ನೋಡಲಿಲ್ಲ. ಖಾಲಿ ಡಬ್ಬಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಚ್ಚಳ ಹಾಕಿದಳು.

"ಆ ಗಿಡ ಬಿದ್ದದ್ದನ್ನ ನಿಮ್ಮಪ್ಪ ಇಲ್ಲೇ, ಉಣ್ಣಾಕ ಕುಂತಾಗ ನಿನಗ ಹೇಳಿದ್ದ. ಎರಡು ಸಲ ಹೇಳಿದ್ದ."

ಹೇಳಿರಬೇಕು. ನಾನು ಎದುರಿಗೇ ಕೂತು, ತಲೆಯಾಡಿಸುತ್ತ ಉಂಡಿರಬೇಕು.

"ನಾ ಇನ್ನ ಹೊಲಕ್ಕ ಹೋಗಂಗಿಲ್ಲಂತ ನನಗ ಗೊತ್ತಿತ್ತು" ಎಂದಳು ಅವ್ವ. "ನೀವೂ ಹೋಗಂಗಿಲ್ಲಂತ ಇವತ್ತ ಗೊತ್ತಾತು."