ಗೌರಿ ಹುಣ್ಣಿಮೆಯ ಜೋಡಿ ಗಿಳಿ

ಸಕ್ಕರೆ ಅಚ್ಚಿಗೆ ದಾರ ಕಟ್ಟುವ ಕೆಲಸವನ್ನು ನಮ್ಮ ಅತ್ತೆ ನನಗೆ ಬಿಟ್ಟುಕೊಡಲು ವರ್ಷಗಳೇ ಬೇಕಾದವು. ಅಲ್ಲಿಯವರೆಗೆ ನಾನು ಒಲೆಗೆ ಕಟ್ಟಿಗೆ ಹಾಕಿದೆ, ಪಾಕದ ಮೇಲೆ ತೇಲಿ ಬರುವ ಕೊಳೆ ತೆಗೆದೆ, ಬಂದವರಿಗೆ ನೀರು ಕೊಟ್ಟೆ. ಕೊನೆಗೊಮ್ಮೆ ದಾರ ಕೈಗೆ ಬಂದಾಗ ಅಂಗಡಿಯ ಕೀಲಿಯೇ ಸಿಕ್ಕಷ್ಟು ಹೆಮ್ಮೆ ನನಗೆ. ಆ ಹೆಮ್ಮೆಗಿಷ್ಟು ಬೆಂಕಿ ಹಾಕಲಿ.

ನಮ್ಮದು ಹಳೇ ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿ. ಮುಂದೆ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು. ಹಿತ್ತಲು ಹೆಸರಿಗೆ ನಮ್ಮದು, ನಿಜವಾಗಿ ಇಡೀ ಓಣಿಯದು. ಪಂಚಮಿಗೆ ಜೋಳದ ಅಳ್ಳು ಹುರಿಯಲು ಹೆಂಗಸರೆಲ್ಲ ಅಲ್ಲಿಗೇ ಬರುತ್ತಿದ್ದರು, ನಮ್ಮ ಬೇವಿನ ಮರಕ್ಕೇ ಜೋಕಾಲಿ ಕಟ್ಟುತ್ತಿದ್ದರು. ಸಂಕ್ರಾಂತಿಗೆ ಅಂಗಡಿಯ ಬಾಗಿಲಲ್ಲಿ ಪರಾತದ ತುಂಬ ಕುಸುರೆಳ್ಳು. ಕೊಂಡವರಿಗೂ ಕೊಳ್ಳದವರಿಗೂ ಒಂದು ಚಿಟಿಕೆ ಕೈಗೆ ಹಾಕಿ ನನ್ನ ಗಂಡ, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದ್ಹಾಂಗ ಇರೂಣು" ಎನ್ನುತ್ತಿದ್ದರು. ಮರುದಿನದಿಂದ ಓಣಿಯಲ್ಲಿ ಯಥಾಪ್ರಕಾರ ಜಗಳ.

ಆದರೆ ಎಲ್ಲಕ್ಕಿಂತ ದೊಡ್ಡ ಗದ್ದಲ ಗೌರಿ ಹುಣ್ಣಿಮೆಯದು. ದೀಪಾವಳಿ ಕಳೆದು ಬರುವ ಆ ಹುಣ್ಣಿಮೆಗೆ ನಮ್ಮ ಕಡೆ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳನ್ನು ತಾಟಿನಲ್ಲಿಟ್ಟುಕೊಂಡು ಹೋಗಿ ಗೌರಿಗೆ ಆರತಿ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಯಿದ್ದರೆ ಅವಳ ಮನೆಗೆ ಗಂಡಿನ ಕಡೆಯಿಂದಲೇ ಸಕ್ಕರೆ ಆರತಿ ಹೋಗಬೇಕು. ಗೋಪುರ, ಜೋಡಿ ಗಿಳಿ, ಕುಪ್ಪಸದ ಖಣ, ತಲೆಗೆ ಹೂವಿನ ದಂಡಿ. ಸಕ್ಕರೆ ಬಂತೆಂದರೆ ಮಾತು ಗಟ್ಟಿಯಾಯಿತೆಂದೇ ಲೆಕ್ಕ. ಆ ಮೇಲೆ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಗೊಂಬೆ ಎರೆಯುವ ಸಾಗವಾನಿ ಅಚ್ಚುಗಳು ನಮ್ಮ ಅತ್ತೆಗೆ ಅವರ ಅತ್ತೆಯಿಂದ ಬಂದವು. ಒಂದೊಂದು ಅಚ್ಚಿಗೂ ಎರಡು ಹೋಳು. ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಿ, ಹೋಳುಗಳನ್ನು ಕೂಡಿಸಿ, ದಾರದಿಂದ ಬಿಗಿದು ಕಟ್ಟಿ, ಮೇಲಿನ ತೂತಿನಿಂದ ಕುದಿಯುವ ಪಾಕ ಎರೆಯಬೇಕು. ಗಂಟು ಸಡಿಲವಾದರೆ ಹೋಳು ಬಾಯಿ ಬಿಡುತ್ತದೆ, ಪಾಕ ಎರೆಯುವವರ ಕೈಮೇಲೆ ಬರುತ್ತದೆ.

ನಾನು ಹೇಳುವ ವರ್ಷ ಯುದ್ಧದ ಕಾಲ. ಸಕ್ಕರೆಗೆ ಕಂಟ್ರೋಲು. ಕಿರಾಣಿ ಅಂಗಡಿಯವರಾದ ನಮ್ಮ ಮನೆಯಲ್ಲೇ ಚಹಾಕ್ಕೆ ಬೆಲ್ಲ. ಓಣಿಯ ಹೆಂಗಸರು ತಮ್ಮ ಪಾಲಿನ ಸಕ್ಕರೆಯಲ್ಲಿ ಅಷ್ಟಿಷ್ಟು ಉಳಿಸಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ತಂದರು. ಒಬ್ಬ ಹುಡುಗಿಗೆ ಒಂದೇ ಗೊಂಬೆ ಎಂದು ಅತ್ತೆ ಸಾರಿಬಿಟ್ಟರು. ಆದರೂ ತಾವು ಮಾತ್ರ ಉಳಿಸಿಟ್ಟ ಸಕ್ಕರೆಯಿಂದ ಒಂದು ಪೂರ್ತಿ ಆರತಿಯ ಜೋಡಣೆ ನಡೆಸಿದ್ದರು. ಕಾರಣವಿತ್ತು. ನನ್ನ ಮೈದುನನಿಗೆ ಧಾರವಾಡದ ಹುಡುಗಿಯ ಜೊತೆ ಮಾತು ಮುಗಿದಿತ್ತು. ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ.

"ಸಕ್ಕರಿ ಆ ಮನಿ ಮುಟ್ಟೂತನಕಾ ಬಾಯಿ ಬಿಡಬ್ಯಾಡ್ರಿ. ಈ ಓಣ್ಯಾಗಿನ ಕಣ್ಣು ಛಲೋ ಅಲ್ಲ" ಎಂದು ಅತ್ತೆ ಎಲ್ಲರಿಗೂ ತಾಕೀತು ಮಾಡಿದ್ದರು. ಗೋಪುರದ ಅಚ್ಚು ಹೊರಗೆ ಬಂದದ್ದನ್ನು ನೋಡಿದ ಹೆಂಗಸರು, "ಯಾರ ಮನಿಗ್ರಿ ಇದು?" ಎಂದು ನಕ್ಕರೆ, "ಗೌರಿಗವ್ವಾ" ಎಂದು ಮಾತು ಹಾರಿಸುತ್ತಿದ್ದರು.

ಪಾಕ ಎರೆಯುವವಳು ನಮ್ಮಿಂದ ಮೂರು ಮನೆ ಆಚೆಯ ಹುಡುಗಿ. ತಂದೆ ಇಲ್ಲ. ತಾಯಿ ನಮ್ಮ ಅಂಗಡಿಗೆ ಬಂದು ಅಕ್ಕಿ ಬೇಳೆ ಹಸನು ಮಾಡಿಕೊಡುತ್ತಿದ್ದಳು. ನಮ್ಮವರೇ, ಆದರೆ ಬಡವರು. ಹುಡುಗಿಗೆ ಮದುವೆಯ ವಯಸ್ಸು. ಮೈದುನನ ಹಾಗೆ ಅವಳೂ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದಳು. ಕೈ ಎಂಥ ಸ್ಥಿರವೆಂದರೆ ಒಂದು ಹನಿ ಹೊರಗೆ ಬೀಳುತ್ತಿರಲಿಲ್ಲ. ಗೋಪುರವನ್ನೂ ಅವಳೇ ಎರೆದಳು. ಅದು ತುದಿಯವರೆಗೆ ಒಂದು ಗುಳ್ಳೆಯಿಲ್ಲದೆ ಎದ್ದು ಬಂತು.

ಆಮೇಲೆ ಗಿಳಿಯ ಸರದಿ. ಯಾರೋ ತಮ್ಮ ಗಂಡನ ಗೊರಕೆಯ ಬಗ್ಗೆ ಏನೋ ಹೇಳಿದರು. ನಾನು ಬಿದ್ದು ಬಿದ್ದು ನಗುತ್ತ ದಾರ ಸುತ್ತಿ ಗಂಟು ಹಾಕಿ ಅಚ್ಚನ್ನು ಅವಳ ಕೈಗೆ ಕೊಟ್ಟೆ. ಅವಳು ಎರೆದಳು. ಗಂಟು ಜಾರಿತು. ಕುದಿಯುವ ಸಕ್ಕರೆ ಅವಳ ಎಡ ಅಂಗೈಯಿಂದ ಕುಪ್ಪಸದ ತೋಳಿನವರೆಗೆ ಹರಿಯಿತು. ತೋಳಿನ ಬಟ್ಟೆ ಬಿಡಿಸಲು ಹೋದರೆ ಹರಿದು ಕೈಗೆ ಬಂತು, ಜೊತೆಗೆ ಚರ್ಮವೂ. ಅವಳು ಚೀರಲಿಲ್ಲ.

"ಅಯ್ಯ ವೈನಿ, ಗಿಳಿ ಹಾರಿ ಹೋತಲ್ರಿ" ಎಂದಳು.

ಎಲ್ಲರೂ ನಕ್ಕರು. ಅತ್ತೆ ಲೋಳಸರ ಹಚ್ಚುತ್ತ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಅದೇ ಸಂಜೆ ನಾನು ಹೊರಗಾದೆ. ಆಗೆಲ್ಲ ಮುಟ್ಟಾದವರು ಹಿತ್ತಲ ಕಡೆಯ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಬೇರೆ ಕೂಡಬೇಕು. ಯಾರನ್ನೂ, ಏನನ್ನೂ ಮುಟ್ಟುವಂತಿಲ್ಲ. ಕೆಲಸವಿಲ್ಲದೆ ಕೂತವಳಿಗೆ ಅವಳ ಕೈಯೊಂದೇ ಕಣ್ಣ ಮುಂದೆ. ನನ್ನ ನಗುವೂ ಕಿವಿಯಲ್ಲೇ ಉಳಿದಿತ್ತು.

ಹುಣ್ಣಿಮೆಯ ಬೆಳಿಗ್ಗೆ ನನ್ನ ಗಂಡ ಬುಟ್ಟಿಯಲ್ಲಿ ಹುಲ್ಲು ಹಾಸಿ, ಆರತಿಯ ಜೋಡಣೆಯನ್ನೆಲ್ಲ ಇಟ್ಟುಕೊಂಡು ಧಾರವಾಡದ ರೈಲು ಹಿಡಿದರು. "ಅಮರಗೋಳ ದಾಟೂದ್ರಾಗ ಗೋಪುರದ ತುದಿ ಮುರೀದಿದ್ರ ಸಾಕು" ಎನ್ನುತ್ತ ಅತ್ತೆ ಗುಡಿಗೆ ಹೋದರು. ಮನೆಯಲ್ಲಿ ಉಳಿದವರು ನಾನು ಮತ್ತು ಅಂಗಡಿಯಲ್ಲಿ ಕೂತ ಮೈದುನ.

ನಾನು ಅವನನ್ನು ಕರೆದೆ. ಹಲಗೆಯ ಮೇಲೆ ಉಳಿದ ಗೊಂಬೆಗಳಲ್ಲಿ ಎರಡು ಗಿಳಿ ತೆಗೆದುಕೋ ಎಂದೆ. ಒಂದು ಅವಳ ಪಾಲಿನದು, ಇನ್ನೊಂದು ನನ್ನ ತಪ್ಪಿಗೆ. ನನ್ನ ಟ್ರಂಕಿನಲ್ಲಿದ್ದ ಹೊಸ ಖಣವನ್ನೂ ತೆಗೆಸಿದೆ, ಅವಳ ತೋಳು ಹರಿದಿತ್ತಲ್ಲ. ಉಳಿದ ಹುಡುಗಿಯರು ಕಂಡರೆ ತಮಗೂ ಎರಡು ಬೇಕೆಂದಾರೆಂದು ತಾಟಿನ ಮೇಲೆ ಬಟ್ಟೆ ಮುಚ್ಚಿಸಿದೆ. ಎಷ್ಟು ವಿಚಾರ ಮಾಡಿದ್ದೆ ನೋಡಿ! ಮುಖ್ಯವಾದದ್ದೊಂದನ್ನು ಬಿಟ್ಟು ಎಲ್ಲ ವಿಚಾರ ಮಾಡಿದ್ದೆ.

ಬಾಗಿಲಿಗೆ ಬಂದ ಹುಡುಗಿಯ ತಾಯಿ, ಯಾರು ಕಳಿಸಿದರೆಂದು ಕೇಳಿದಳಂತೆ. ವೈನಿ ಎನ್ನಲು ಇವನಿಗೆ ಬಾಯಿ ಬರಲಿಲ್ಲ. ನಾನು ಹೊರಗೆ ಕೂತದ್ದು ಓಣಿಗೆಲ್ಲ ಗೊತ್ತು. ಮೈಲಿಗೆಯ ಸಕ್ಕರೆಯೆಂದು ಗೌರಿಯ ಮುಂದೆ ಇಡದೆ ಹೋದಾರು. ಜಾಣತನ ಮಾಡಿ, "ಮನಿಯಿಂದ ಕಳಿಸ್ಯಾರ್ರಿ" ಎಂದು ಹೇಳಿ, ನಾಚಿಕೊಂಡು ತಾಟು ಇಟ್ಟು ಬಂದ.

ಹುಣ್ಣಿಮೆಯ ದಿನ, ಮುಚ್ಚಿದ ತಾಟು, ಜೋಡಿ ಗಿಳಿ, ಹೊಸ ಖಣ, ಮದುವೆಗೆ ನಿಂತ ಗಂಡು, ನಾಚಿಕೆ ಬೇರೆ. ಹಿತ್ತಲಲ್ಲಿ ಯಾರಿಗೋ ಆರತಿ ತಯಾರಾಗುತ್ತಿದ್ದುದನ್ನು ಆ ತಾಯಿಯೂ ನೋಡಿದ್ದಳು. ನಮ್ಮ ಕಡೆಯ ಯಾವ ತಾಯಿಯಾದರೂ ಏನು ತಿಳಿಯುತ್ತಿದ್ದಳೋ ಅದನ್ನೇ ಆಕೆ ತಿಳಿದಳು.

ಮಧ್ಯಾಹ್ನ ಆಕೆ ನಮ್ಮ ಮನೆಗೆ ಬಂದಳು, ಹಿಂದೆ ನಾಲ್ಕಾರು ಹೆಂಗಸರು. ಗೋಡೆಯ ಈಚೆ ನಾನು ಕೂತಿದ್ದೆ. ಎಲ್ಲ ಕೇಳಿಸುತ್ತಿತ್ತು.

"ಬಡವರ ಮನಿ ಬಾಗಲಾ ನೋಡಿದ್ರಿ ಅಕ್ಕಾರ. ನಿಮ್ಮ ಪಾದ ಎಲ್ಲದಾವು, ತೋರಸ್ರಿ" ಎನ್ನುತ್ತಿದ್ದಳು. ಒಂದು ಗಿಳಿ ಒಡೆದು ಆಗಲೇ ಮನೆ ಮನೆಗೆ ಚೂರು ಹಂಚಿ ಬಂದಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೋಡೆಯ ಈಚೆಯಿಂದ ತಿಳಿಯಲಿಲ್ಲ.

ಅತ್ತೆ ಅವರನ್ನೆಲ್ಲ ಕೂಡಿಸಿದರು, ನೀರು ಕೊಟ್ಟರು. ಕೊನೆಗೆ, "ಗೌರಿ ಎಲ್ಲಾರಿಗೂ ಛಲೋ ಮಾಡ್ಲಿ" ಎಂದರು. ಹೌದೂ ಅಲ್ಲ, ಇಲ್ಲವೂ ಅಲ್ಲ. ನಾನು ಹೊಸಿಲು ದಾಟಿ ಒಳಗೆ ಹೋದರೆ ಇಡೀ ಹಬ್ಬ ಮೈಲಿಗೆ. ಕೂತಲ್ಲಿಂದ ಕೂಗಬಹುದಿತ್ತು. ಅಷ್ಟು ಜನರ ಮುಂದೆ ಏನೆಂದು ಕೂಗಲಿ? ಸೆರಗು ಬಾಯಿಗೆ ತುರುಕಿಕೊಂಡು ಕೂತೆ.

ಎಲ್ಲರೂ ಹೋದ ಮೇಲೆ ಅತ್ತೆ ಬಂದು ದೂರದಲ್ಲಿ ನಿಂತರು. "ಏನ ಕಳಿಸಿದಿ?" ಹೇಳಿದೆ. ಅವರು ಅಂಗಡಿಯ ಕಡೆಯ ಬಾಗಿಲು ಮುಂದೆ ಮಾಡಿ ಬಂದರು.

"ಗಡಿಗಿ ಬಾಯಿ ಮುಚ್ಚಬಹುದು, ಓಣಿ ಬಾಯಿ ಹೆಂಗ ಮುಚ್ಚೂದು? ಎಲ್ಲಾರೂ ಸಕ್ಕರಿ ತಿಂದು ಕುಂತಾರ. ತಪ್ಪಾತು ಅಂದ್ರ ನಮಗೇನೂ ಆಗೂದಿಲ್ಲ. ಆ ಹುಡುಗಿಗೆ ಮಾತ್ರ ಸಕ್ಕರಿ ತಿರುಗಿ ಹೋದಾಕಿ ಅಂತಾರ." ಒಳಗೆ ಹೋಗುತ್ತ ಹೇಳಿದರು: "ನೀರ ಹಾಕ್ಕೊಂಡ ಮ್ಯಾಲೆ ನೀನ ಹೋಗಿ ಹೇಳು. ನನ್ನ ಕಡಿಂದ ಆಗೂದಿಲ್ಲ."

ಆ ದಿನಗಳನ್ನು ಹೇಗೆ ಕಳೆದೆನೋ. ಮೈದುನ ಒಂದೆರಡು ಸಲ ಗೋಡೆಯ ಹತ್ತಿರ ಬಂದು, "ವೈನಿ, ನಾ ಸುಳ್ಳೇನ ಹೇಳಲಿಲ್ಲಲ್ಲ?" ಎಂದು ಕೇಳಿ ಹೋದ. ಪಾಪ, ಅವನು ಹೇಳಿದ್ದು ಸುಳ್ಳಲ್ಲ. ಮುಟ್ಟಿದರೆ ಮೈಲಿಗೆಯೆಂದು ನನ್ನನ್ನು ಹೊರಗೆ ಕೂಡಿಸಿದ್ದರು, ನಾನು ಏನನ್ನೂ ಮುಟ್ಟದೆಯೇ ಒಂದು ಮನೆ ಕೆಡಿಸಿದ್ದೆ. ಪದ್ಧತಿಯ ಮೇಲೆ ಸಿಟ್ಟು ಬಂತು, ಗೌರಿಯ ಮೇಲೆ ಬಂತು, ಗೊರಕೆಯ ಕಥೆ ಹೇಳಿದವಳ ಮೇಲೂ ಬಂತು. ಎಲ್ಲರ ಮೇಲೆ ಬಂದು ಮತ್ತೆ ನನ್ನ ಮೇಲೇ ತಿರುಗಿತು.

ತಲೆಗೆ ನೀರು ಹಾಕಿಕೊಂಡ ದಿನ ಹೋದೆ. ತಾಯಿ ನಮ್ಮ ಅಂಗಡಿಯಲ್ಲೇ ಬೇಳೆ ಹಸನು ಮಾಡುತ್ತಿದ್ದಳು. ಹುಡುಗಿ ಒಬ್ಬಳೇ ಇದ್ದಳು. ಎಡಗೈಗೆ ಅರಿವೆ ಸುತ್ತಿತ್ತು. ಗೂಡಿನಲ್ಲಿ ಉಳಿದೊಂದು ಗಿಳಿ, ಅದಕ್ಕೆ ಇರುವೆ ಮುತ್ತಿದ್ದವು. ಹೇಗೆ ಶುರು ಮಾಡಲಿ ಎಂದು ನಾನು ನಿಂತಿರುವಾಗ ಅವಳೇ ಕೇಳಿದಳು.

"ಗೋಪುರ ಎಲ್ಲಿಗೆ ಹೋತ್ರಿ ವೈನಿ?"

"ಧಾರವಾಡಕ್ಕ."

ತಲೆಯಾಡಿಸಿದಳು. "ನಾನ ಎರದದ್ದಲ್ರಿ ಅದು. ನಮ್ಮ ಮನಿಗೆ ಬರೂದಾಗಿದ್ರ ಮೊದಲ ಅದ ಬರತಿತ್ತು. ತಾಟಿನ ಮ್ಯಾಲಿನ ಅರಿವಿ ತಗದ ಕೂಡ್ಲೆ ನನಗ ತಿಳೀತು."

"ಮತ್ತ ಅವ್ವಗ ಯಾಕ ಹೇಳಲಿಲ್ಲ?"

"ಹೇಳೂದ್ರಾಗ ಆಕಿ ಗಿಳಿ ಒಡಕೊಂಡು ಓಣಿಗೆ ಹೊಂಟಿದ್ಲು. ಅಪ್ಪ ಹೋದ ಮ್ಯಾಲೆ ಆಕಿ ಅಷ್ಟು ನಕ್ಕದ್ದು ನಾ ನೋಡಿಲ್ರಿ."

ನನಗೆ ಅಳು ತಡೆಯಲಾಗಲಿಲ್ಲ. ನಿಮ್ಮ ಅವ್ವನ ಕಾಲು ಹಿಡಿಯುತ್ತೇನೆ, ಎಲ್ಲ ನನ್ನಿಂದಾಯಿತೆಂದು ಹೇಳುತ್ತೇನೆ ಎಂದೆ.

"ಬ್ಯಾಡ್ರಿ" ಎಂದಳು. "ನೀವು ಹಂಗ ಹೇಳಿದ್ರ ಆಕಿ ಮತ್ತ ನಿಮ್ಮ ಅಂಗಡಿ ಮೆಟ್ಟಲಾ ಹತ್ತೂದಿಲ್ಲ. ನಾನ ಒಲ್ಲೆ ಅಂತೇನಿ. ಮಗಳು ಸೊಕ್ಕಿನಾಕಿ ಅಂದ್ರ ಆಕಿ ತಡಕೋತಾಳ. ತಾನ ಆಸೆ ಮಾಡಿ ಮಂದಿ ಮುಂದ ಸಣ್ಣಾಕಿ ಆದೆ ಅಂದ್ರ ತಡಕೊಳ್ಳೂದಿಲ್ಲ."

ನಾನು ಬೇಡವೆಂದೆ. ಒಂದು ಸಲ ಅಂದೆ. ಊಟಕ್ಕೆ ಕೂತವರು ಎರಡನೇ ಹೋಳಿಗೆಗೆ ಬೇಡವೆನ್ನುವ ಹಾಗೆ ಅಂದೆ. ಮನೆಗೆ ಬರುವಾಗ ಹೆಜ್ಜೆ ಹಗುರಾಗಿತ್ತು. ಆ ಹಗುರು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ವಾರ ಕಳೆಯುವುದರೊಳಗೆ ಓಣಿಗೆ ಸುದ್ದಿಯಾಯಿತು. ಕೂಳಿಗಿಲ್ಲದಿದ್ದರೂ ಸೊಕ್ಕು ನೋಡು, ಬಾಗಿಲಿಗೆ ಬಂದ ಸಕ್ಕರೆ ಒಲ್ಲೆ ಅಂದಳಂತೆ ಎಂದು ಎಲ್ಲರೂ ಆಡಿಕೊಂಡರು. ಹುಡುಗಿಯ ತಾಯಿ ತಲೆ ತಗ್ಗಿಸಿಕೊಂಡು ಅತ್ತೆಯ ಮುಂದೆ ಬಂದು ನಿಂತಳು. ನಾನು ಅಲ್ಲೇ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ.

"ನನ್ನ ಮಗಳ ಸೊಕ್ಕ ಹೊಟ್ಯಾಗ ಹಾಕ್ಕೊಳ್ರಿ ಅಕ್ಕಾರ. ನಿಮ್ಮಂಥಾವರಿಗೆ ಅವಮಾನ ಮಾಡಿದ್ವಿ" ಎಂದಳು.

"ಇರ್ಲಿ ಬಿಡ್ರಿ. ಋಣಾನುಬಂಧ" ಎಂದರು ಅತ್ತೆ. ತಪ್ಪು ಮಾಡಿದವರು ನಾವು, ಕ್ಷಮೆ ಕೊಟ್ಟವರೂ ನಾವು. ಆಕೆ ಹೋದ ಮೇಲೆ ಮೊರ ನೋಡಿದರೆ, ಕಲ್ಲು ಮೊರದಲ್ಲೇ ಇದ್ದವು, ಅಕ್ಕಿಯನ್ನೇ ಆರಿಸಿ ಆರಿಸಿ ಚೆಲ್ಲಿದ್ದೆ.

ಮೈದುನನ ಮದುವೆ ಧಾರವಾಡದಲ್ಲಿ ಆಯಿತು. ಪಾಕ ಎರೆದ ಹುಡುಗಿಗೆ ಮಾತ್ರ ಒಂದು ಮಾತೂ ಕೂಡಿ ಬರಲಿಲ್ಲ. ಹೆಣ್ಣು ನೋಡಲು ಬಂದವರು ಮೊದಲು ಓಣಿಯ ಕಿರಾಣಿ ಅಂಗಡಿಯಲ್ಲಿ ವಿಚಾರಿಸುವುದು ಎಲ್ಲ ಕಡೆಯ ಪದ್ಧತಿ. ಹಾಗೆ ಬಂದವರಿಗೆ ನನ್ನ ಗಂಡ, "ಬಂಗಾರದಂಥಾ ಹುಡುಗಿರಿ" ಎಂದು ಮನಸ್ಸಿನಿಂದಲೇ ಹೇಳಿದರು. ಅವರು ಓಣಿಯಲ್ಲಿ ನಾಲ್ಕು ಮನೆ ತಿರುಗಿ ಮತ್ತೆ ಅಂಗಡಿಗೆ ಬಂದು, "ಅಷ್ಟು ಬಂಗಾರ ಇದ್ರ ನಿಮ್ಮ ತಮ್ಮನ್ನ ಯಾಕ ಒಲ್ಲೆ ಅಂದ್ಲು?" ಎಂದು ಕೇಳಿದರು. ನನ್ನ ಗಂಡ ತಕ್ಕಡಿ ಒರೆಸುತ್ತ ನಿಂತರು. ನಾನು ಒಳಬಾಗಿಲಲ್ಲೇ ಇದ್ದೆ, ನಾನೂ ಸುಮ್ಮನಿದ್ದೆ. ಈಗ ಹೇಳಿದರೆ ಅವಳ ತಾಯಿಗೆ ಗೊತ್ತಾಗುತ್ತದೆಂದು ನನಗೆ ನಾನೇ ಹೇಳಿಕೊಂಡೆ.

ಮರುವರ್ಷ ಗೌರಿ ಹುಣ್ಣಿಮೆಗೆ ಹಿತ್ತಲಲ್ಲಿ ಮತ್ತೆ ಒಲೆ ಹೂಡಿದೆವು. ಅವಳು ಬರಲಾರಳೆಂದುಕೊಂಡಿದ್ದೆ, ಬಂದಳು. ಎಡ ಅಂಗೈಯಲ್ಲಿ ಸುಟ್ಟ ಕಲೆ ನುಣ್ಣಗೆ ಹೊಳೆಯುತ್ತಿತ್ತು, ಬೆರಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಪಾಕದ ಬೋಗುಣಿಯ ಪಕ್ಕ ತನ್ನ ಜಾಗದಲ್ಲೇ ಕೂತಳು. ಮೈದುನನ ಹೆಂಡತಿ, ಹೊಸಬಳು, ಚೆಲ್ಲು ಹುಡುಗಿ, ಯಾರಿಂದಲೋ ಕೇಳಿದ್ದಳೆಂದು ಕಾಣುತ್ತದೆ. ಎಲ್ಲರ ಮುಂದೆ ಕೇಳಿಯೇಬಿಟ್ಟಳು.

"ನಮ್ಮವರನ್ನ ಒಲ್ಲೆ ಅಂದಾವರು ನೀವ ಏನ್ರಿ?"

ಅತ್ತೆ ಒಲೆಯ ಕಡೆ ತಿರುಗಿದರು. ನನ್ನ ಕೈಯಲ್ಲಿ ದಾರ.

"ಹೌದ್ರಿ, ನಾನ" ಎಂದಳು ಅವಳು ನಗುತ್ತ. "ನಾ ಹೂಂ ಅಂದಿದ್ರ ನಿಮಗೆಲ್ಲಿ ಸಿಗತಿದ್ರು?"

ಎಲ್ಲರೂ ಘೊಳ್ಳೆಂದು ನಕ್ಕರು, ಹೊಸಬಳು ಎಲ್ಲರಿಗಿಂತ ಜೋರಾಗಿ. ಆ ನಗುವಿನ ನಡುವೆ ಅವಳು ನನ್ನ ಕಡೆ ಬಾಗಿ ಗಿಳಿಯ ಅಚ್ಚಿಗೆ ಕೈ ನೀಡಿದಳು. ಕೇಳಿದ್ದು ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ.

"ಗಂಟು ಗಟ್ಟಿ ಐತೇನ್ರಿ ವೈನಿ?"

ಗಟ್ಟಿಯಾಗಿಯೇ ಕಟ್ಟಿದ್ದೆ. ಆದರೂ ಬಿಚ್ಚಿ ಮತ್ತೊಮ್ಮೆ ಕಟ್ಟಿದೆ.