ಚೀಲದ ತಳದ ಹಸಿರು ಓಢಣಿ

ದಿವಾ ಊರಿನ ನಮ್ಮ ಚಾಳಿನಲ್ಲಿ ಶನಿವಾರ ಸಂಜೆಯಾಯಿತೆಂದರೆ ಪಕ್ಕದ ಮನೆಯ ಕಾಂಚನಾಳ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಗಂಡ ಸುನಿಲ ಭಿವಂಡಿಯ ಗೋಡೌನಿನಿಂದ ಬಂದು ಚಹಾ ಕುಡಿಯುವುದರೊಳಗೆ ಪ್ರವಾಸದ ಚೀಲ ತಯಾರು. ಚೀಲವೆಂದರೆ ಶಾಲೆಯ ಮಕ್ಕಳದ್ದಕ್ಕಿಂತ ಚಿಕ್ಕದು. ಭಾನುವಾರ ರಾತ್ರಿಯವರೆಗಿನ ಬೈಕ್ ಸವಾರಿಗೆ ಇಬ್ಬರ ಬಟ್ಟೆಯೂ ಅದರಲ್ಲೇ. ಒಂದು ಜೀನ್ಸ್, ಎರಡು ಟಾಪು, ಎಲ್ಲವನ್ನೂ ಲಟ್ಟಣಿಗೆಯಷ್ಟು ಸಣ್ಣಗೆ ಸುರುಳಿ ಸುತ್ತಿಡುತ್ತಾಳೆ. ಸುನಿಲನ ಚೌಕಳಿ ಅಂಗಿಯೂ ಅವಳದೇ ಪಾಲು: ಬೆಳಿಗ್ಗೆ ಗುಂಡಿ ಹಾಕಿಕೊಂಡು ಒಂದು ಫೋಟೊ, ಮಧ್ಯಾಹ್ನ ಸೊಂಟಕ್ಕೆ ಕಟ್ಟಿಕೊಂಡು ಇನ್ನೊಂದು. "ನನ್ನ ಅಂಗಿ ನನಗ ಯಾವಾಗ ಸಿಗತೈತಿ?" ಎಂದು ಅವನು ಕೇಳಿದರೆ, "ಫೋಟೊ ತಗಿಯಾಂವ ನೀ, ನಿನ್ನ ಯಾರು ನೋಡ್ತಾರ" ಎನ್ನುತ್ತಾಳೆ. ಭಾರವೆಂದು ಅವನ ಟವೆಲನ್ನೂ ಅರ್ಧಕ್ಕೆ ಕತ್ತರಿಸಿದ್ದಾಳೆ. ಆದರೆ ಮಾಳಶೇಜ ಘಾಟಿಗೆ ಹೋಗಲಿ, ಅಲಿಬಾಗದ ಕಡಲಿಗೆ ಹೋಗಲಿ, ಚೀಲದ ತಳದಲ್ಲಿ ಒಂದು ದೊಡ್ಡ ಹಸಿರು ಓಢಣಿ ಇದ್ದೇ ಇರುತ್ತದೆ. ಅದನ್ನು ಹೊದ್ದದ್ದನ್ನು ಯಾವ ಫೋಟೊದಲ್ಲೂ ನಾನು ಕಾಣೆ. ಒಮ್ಮೆ ಕೇಳಿದೆ. "ಮನಿ ಬಿಟ್ಟು ಬಂದು ಲಗ್ನಾ ಮಾಡ್ಕೊಂಡೆ ಅಂತ ಅವ್ವ ನಾಕ ವರ್ಷದಿಂದ ಮಾತಾಡಿಲ್ಲ, ಆಯಿ. ಹಾದ್ಯಾಗ ಇದ್ದಾಗ ಫೋನ್ ಮಾಡಿ ಬಾ ಅಂದ್ರ, ಅಲ್ಲಿಂದನ ಗಾಡಿ ನಮ್ಮೂರು ಸಿಂದಗಿಗೆ ತಿರುಗಸ್ತೀವಿ. ಅವ್ವ ಉಡಿ ತುಂಬಾಕ ಬಂದ್ರ ಜೀನ್ಸಿಗೆ ಸೆರಗ ಎಲ್ಲಿಂದ ತರ್ಲಿ?" ಎಂದಳು. ನಿನ್ನೆ ಆ ಫೋನ್ ಬಂತು. ಇಡೀ ಚಾಳಿಗೆ ಓಡಾಡಿ ಹೇಳಿ ಬಂದಳು. ಇಂದು ಬೆಳಿಗ್ಗೆ ಬೈಕ್ ಹತ್ತುವಾಗ, ಹೆಲ್ಮೆಟ್ಟಿಗಿಂತ ಮೊದಲು ಅವಳು ಹಾಕಿಕೊಂಡದ್ದು ಆ ಓಢಣಿಯನ್ನು.