ವೇರಾ ಆಂಟಿಯ ಜಿಲ್ಲೆ, ನನ್ನ ಪಟ್ಟಿ

ಹೋದ ತಿಂಗಳ ಕೊನೆಯ ಶನಿವಾರ ಅಡಿಲೇಡಿನ ಮಾಡ್ಬರಿಯ ಶಾಪಿಂಗ್ ಸೆಂಟರಿನಲ್ಲಿ ಒಂದು ಕಟ್ಟು ಸಬ್ಬಸಿಗೆ ಸೊಪ್ಪನ್ನು ಮೂಗಿಗೆ ಹಿಡಿದು ನಿಂತುಬಿಟ್ಟಿದ್ದೆ. ಸೊಪ್ಪನ್ನು ಮೂಸಿ ಕೊಳ್ಳುವ ಚಾಳಿ ನನಗೆ ಮೈಸೂರಿನ ಮಾರುಕಟ್ಟೆಯಿಂದ ಬಂದದ್ದು. ಇಲ್ಲಿನ ಜನ ಅದನ್ನು ಕಂಡರೆ ಟ್ರಾಲಿಯನ್ನು ಸ್ವಲ್ಪ ಆಚೆಯಿಂದ ತಳ್ಳಿಕೊಂಡು ಹೋಗುತ್ತಾರೆ. ಸಬ್ಬಸಿಗೆ ಎಂದರೆ ನಿಮಗೆ ಅಕ್ಕಿ ರೊಟ್ಟಿ ನೆನಪಾಗಬಹುದು. ನನಗೆ ನೆನಪಾಗುವುದು ಎರಡನೇ ಮಹಾಯುದ್ಧ. ನಗಬೇಡಿ, ಹೇಳುತ್ತೇನೆ.

ಅಡಿಲೇಡಿಗೆ ಬರುವ ಮುಂಚೆ ನಾವು ಪರ್ತ್‌ನ ಥಾರ್ನ್ಲಿಯಲ್ಲಿದ್ದೆವು. ಪಕ್ಕದ ಮನೆಯಲ್ಲಿ ವೇರಾ ಎಂಬ ರಷ್ಯನ್ ಮುದುಕಿ. ವಯಸ್ಸು ತೊಂಬತ್ತು ದಾಟಿತ್ತು. ಸೋವಿಯತ್ ದೇಶ ಒಡೆದ ಮೇಲೆ ಮಗಳ ಹಿಂದೆ ಬಂದವರು, ಮಗಳು ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ಅವರ ಹಿತ್ತಲಲ್ಲಿ ಸಬ್ಬಸಿಗೆ ಸೊಂಟದೆತ್ತರ ಬೆಳೆದು ನಿಂತಿತ್ತು. ನನ್ನ ಹೆಂಡತಿ ಮಾಲತಿಯ ಕಣ್ಣು ಬೇಲಿ ದಾಟಿ ಅದರ ಮೇಲೆ ಬಿತ್ತು. ಅಲ್ಲಿಂದ ಮುಂದೆ ಅವರ ಸೊಪ್ಪು ನಮ್ಮ ರೊಟ್ಟಿಗೆ, ನಮ್ಮ ರೊಟ್ಟಿ ಅವರ ತಟ್ಟೆಗೆ. ಅವರು ಅದೇ ಸೊಪ್ಪನ್ನು ಬೇಯಿಸಿದ ಆಲೂಗಡ್ಡೆಯ ಮೇಲೆ ಹಸಿಯಾಗಿಯೇ ಉದುರಿಸಿಕೊಂಡು ತಿನ್ನುತ್ತಿದ್ದರು. ಒಗ್ಗರಣೆ ಇಲ್ಲದ ಅಡುಗೆ ಅಡುಗೆಯೇ ಅಲ್ಲ ಎಂಬ ನಮ್ಮ ವಾದವನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ನಾವು ಅವರನ್ನು ವೇರಾ ಆಂಟಿ ಎನ್ನುತ್ತಿದ್ದೆವು, ಅವರು ನನ್ನನ್ನು ‘ಇಂಜಿನಿಯರ್’ ಎನ್ನುತ್ತಿದ್ದರು. ಮಾತೆಲ್ಲ ಒಡಕು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಒಂದು ದಿನ ನಾನು ದೊಡ್ಡ ಬುದ್ಧಿವಂತನ ಹಾಗೆ, “ಯುದ್ಧದಲ್ಲಿ ನೀವೂ ಬಂದೂಕು ಹಿಡಿದಿದ್ರಾ ಆಂಟಿ?” ಎಂದು ಕೇಳಿದೆ.

“ಪೆನ್ಸಿಲ್ ಹಿಡಿದಿದ್ದೆ,” ಎಂದರು. “ನಾನು ಮಿಲಿಟರಿ ಡಿಸ್ಟ್ರಿಕ್ಟ್‌ನಲ್ಲಿ ಗುಮಾಸ್ತೆ.”

ಜಿಲ್ಲೆ ಎಂದರೆ ನಮಗೆ ಕಲೆಕ್ಟರ ಕಚೇರಿ, ಪಹಣಿ, ಕ್ಯೂ. ಅವರದು ಸೇನಾ ಜಿಲ್ಲೆ. ಗಡಿಗೆ ಹತ್ತಿರವಿದ್ದ ಜಿಲ್ಲೆಗಳು ಯುದ್ಧ ಶುರುವಾದೊಡನೆ ತಾವೇ ರಣರಂಗವಾದವಂತೆ. ಇವರದು ಉರಲ್ ಬೆಟ್ಟಗಳ ಆಚೆ, ಗುಂಡಿನ ಸದ್ದೇ ಕೇಳದಷ್ಟು ದೂರ. ಆದರೆ ಸದ್ದು ಕೇಳುವ ಕಡೆಗೆ ಜನರನ್ನು ಕಳಿಸುವುದೇ ಅದರ ಕೆಲಸ. ಹಳ್ಳಿ ಹಳ್ಳಿಯಿಂದ ಗಂಡಸರನ್ನು ಕರೆಸುವುದು, ಮರದ ಬಂದೂಕು ಕೊಟ್ಟು ಕೆಲವೇ ವಾರ ತರಬೇತಿ ಮಾಡಿಸುವುದು, ತುಕಡಿ ಕಟ್ಟಿ ರೈಲು ಹತ್ತಿಸುವುದು. ಗಾಯಗೊಂಡು ಬಂದವರನ್ನು ಆಸ್ಪತ್ರೆಯಲ್ಲಿ ರಿಪೇರಿ ಮಾಡಿ ಮತ್ತೆ ಅದೇ ರೈಲಿಗೆ. ಇತ್ತ ಟ್ಯಾಂಕ್ ಕಾರ್ಖಾನೆಯವರು ನಮ್ಮ ಲೇತ್ ಕೆಲಸಗಾರರನ್ನು ಮುಟ್ಟಬೇಡಿ ಎಂದು ಕೂಗಾಡುತ್ತಿದ್ದರು, ಅತ್ತ ರಣರಂಗದಿಂದ ಇಷ್ಟು ಜನ ಬೇಕು, ಇಂಥ ದಿನದೊಳಗೆ ಬೇಕು ಎಂದು ತಂತಿ ಬರುತ್ತಿತ್ತು. ಹದಿನೆಂಟರ ವೇರಾ ಮರದ ಪೆಟ್ಟಿಗೆಯಿಂದ ಒಂದೊಂದೇ ಕಾರ್ಡ್ ತೆಗೆದು ಪಟ್ಟಿಗೆ ಹೆಸರು ಇಳಿಸುತ್ತಿದ್ದರು. ಅಳುತ್ತ ಬಂದ ತಾಯಂದಿರಿಗೆ ಕಚೇರಿಯವರು ಹೇಳುತ್ತಿದ್ದುದು ಒಂದೇ ಮಾತು, ಮಾಸ್ಕೋದ ಆಜ್ಞೆ.

ನಾನು ಆಗ ಇದನ್ನೆಲ್ಲ ಕಥೆ ಕೇಳುವವನ ಹಾಗೆ ಬಾಯಿ ಬಿಟ್ಟುಕೊಂಡು ಕೇಳಿದ್ದೆ. ನನಗೂ ಪಟ್ಟಿ ಬರೆಯುವ ಕಾಲ ಬಂದದ್ದು 2015ರಲ್ಲಿ.

ಕಬ್ಬಿಣದ ಅದಿರಿನ ಬೆಲೆ ಕುಸಿದಿತ್ತು. ನಾನು ಒಂದು ಗಣಿ ಕಂಪನಿಯಲ್ಲಿ ಪ್ಲಾನಿಂಗ್ ತಂಡದ ಮುಖ್ಯಸ್ಥ. ಮ್ಯಾನೇಜರ್ ಕರೆದು, ಹದಿನೆಂಟು ಜನರಲ್ಲಿ ಆರು ಜನ ಹೋಗಬೇಕು, ಹೆಸರು ನೀನೇ ಕೊಡು, ಶುಕ್ರವಾರ ಹನ್ನೆರಡಕ್ಕೆ ಬೇಕು ಮೇಟ್ ಎಂದ. ಐದು ಹೆಸರು ಹೇಗೋ ತುಂಬಿದವು. ಪಟ್ಟಿಯಲ್ಲಿ ಆರನೆಯ ಮನೆ ಖಾಲಿ ಉಳಿಯಿತು. ಅದಕ್ಕೆ ಇಬ್ಬರಲ್ಲಿ ಒಬ್ಬ, ಡ್ಯಾರೆನ್ ಇಲ್ಲವೇ ಗಿರೀಶ. ಡ್ಯಾರೆನ್ ಒಳ್ಳೆಯ ಮನುಷ್ಯ, ಆದರೆ ಅವನ ಲೆಕ್ಕಾಚಾರ ತಪ್ಪಿ ಎರಡು ಸಲ ಸೈಟಿನಲ್ಲಿ ಯಂತ್ರಗಳು ಸುಮ್ಮನೆ ನಿಂತಿದ್ದವು. ಗಿರೀಶ ದಾವಣಗೆರೆಯವನು, ಕೆಲಸದಲ್ಲಿ ಚಿನ್ನ. ನನ್ನ ಶಿಫಾರಸಿನಿಂದಲೇ ಬಂದವನು, ನನ್ನನ್ನು ಅಣ್ಣ ಎನ್ನುವವನು. ಅವನದು ಕಂಪನಿ ಕೊಡಿಸಿದ ವೀಸಾ. ಕೆಲಸ ಹೋದರೆ ತೊಂಬತ್ತು ದಿನದಲ್ಲಿ ಬೇರೆ ಕೆಲಸ ಸಿಗಬೇಕು, ಇಲ್ಲವೇ ದೇಶ ಬಿಡಬೇಕು. ಹೆಂಡತಿ ಸವಿತಾಳಿಗೆ ಏಳು ತಿಂಗಳು.

ಗುರುವಾರ ಮಧ್ಯಾಹ್ನ ಬೇಗ ಮನೆಗೆ ಬಂದು ಹಿತ್ತಲಲ್ಲಿ ಶತಪಥ ಹಾಕುತ್ತಿದ್ದೆ. ಬೇಲಿಯಾಚೆಯಿಂದ ವೇರಾ ಆಂಟಿ ಕರೆದು, “ಏನಾಯ್ತು?” ಎಂದರು. ಹೇಳಿದೆ.

“ನನ್ನ ತಮ್ಮ ಕೋಲ್ಯಾನ ಕಾರ್ಡ್ ಒಂದಿನ ನನ್ನ ಕೈಗೇ ಬಂತು,” ಎಂದರು. “ತೆಗೆದು ಮುಂದಿನ ವಾರದ ಪೆಟ್ಟಿಗೆಗೆ ಹಾಕಿಬಿಟ್ಟೆ. ಆದ್ರೆ ಸಂಖ್ಯೆ ಪೂರ್ತಿ ಆಗ್ಬೇಕಲ್ಲ. ಹಿಂದಿದ್ದ ಕಾರ್ಡನ್ನ ಮುಂದಕ್ಕೆ ತಂದೆ.”

“ತಮ್ಮ ಉಳಿದ್ರಾ?”

“ಎರಡು ಬೆರಳು ಕಳ್ಕೊಂಡು ವಾಪಸ್ ಬಂದ. ಮುದುಕನಾಗಿ ಸತ್ತ. ಅವನಿಗೆ ನಾನು ಹೇಳ್ಲೇ ಇಲ್ಲ.”

“ಇನ್ನೊಬ್ಬ?”

“ನಮಗೆ ಯಾರು ತಿಳಿಸ್ತಾರೆ ಇಂಜಿನಿಯರ್? ಜಿಲ್ಲೆ ಕೆಲಸ ಕಳಿಸೋದು, ಅಷ್ಟೇ.” ಆ ಇನ್ನೊಬ್ಬನ ಹೆಸರನ್ನು ಅವರು ತಂದೆಯ ಹೆಸರು ಸಮೇತ ಹೇಳಿದರು. ಎಪ್ಪತ್ತು ವರ್ಷ ಅವರು ಮರೆಯದ ಆ ಹೆಸರನ್ನು ನಾನು ನಾಲ್ಕೇ ವರ್ಷದಲ್ಲಿ ಮರೆತಿದ್ದೇನೆ, ಅದಕ್ಕೆ ನನಗೆ ನಾಚಿಕೆಯಿದೆ. ಕೊನೆಗೆ ಅವರು, “ಈಗ ಕೇಳಿದ್ರೂ ಮತ್ತೆ ಅದನ್ನೇ ಮಾಡ್ತೀನಿ,” ಎಂದು ಒಳಗೆ ಹೋದರು.

ನನಗೆ ಮೈ ಉರಿಯಿತು. ಯಾರದೋ ಮಗನನ್ನು ಮುಂದೆ ತಳ್ಳಿ ತಮ್ಮನನ್ನು ಉಳಿಸಿಕೊಂಡದ್ದಲ್ಲದೆ ಮತ್ತೆ ಅದನ್ನೇ ಮಾಡುತ್ತಾರಂತೆ! ನಾನು ಅಂಥವನಲ್ಲ ಎಂದು ನನಗೆ ನಾನೇ ಭಾಷಣ ಮಾಡಿಕೊಂಡೆ. ಶುಕ್ರವಾರ ಹನ್ನೊಂದೂವರೆಗೆ ಆರನೆಯ ಮನೆಯಲ್ಲಿ ಗಿರೀಶನ ಹೆಸರು ಬರೆದು ಕಳಿಸಿದೆ. ಇದು ನ್ಯಾಯ ಎಂದುಕೊಂಡೆ. ಸುಳ್ಳು. ನ್ಯಾಯವೆಂದರೆ ಡ್ಯಾರೆನ್ ಹೋಗಬೇಕಿತ್ತು, ಅವನ ಕೆಲಸ ಎಲ್ಲರಿಗೂ ಗೊತ್ತಿತ್ತು. ನಾನು ಹೆದರಿದ್ದು ಕ್ಯಾಂಟೀನಿನ ಮಾತಿಗೆ. ಇಂಡಿಯನ್ ಬಾಸ್ ಇಂಡಿಯನ್ನನ್ನೇ ಉಳಿಸಿಕೊಂಡ ಎಂದು ಯಾರೂ ಆಡಿಕೊಳ್ಳಬಾರದಿತ್ತು. ವೇರಾ ಆಂಟಿ ಪ್ರೀತಿಗೆ ಸೋತು ತಪ್ಪು ಮಾಡಿದರು. ನಾನು ನನ್ನ ಹೆಸರು ಕೆಡದಿರಲಿ ಎಂದು ಮಾಡಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಅದೇ ಸಂಜೆ ಗಿರೀಶನ ಮನೆಗೆ ಹೋಗಿ, ಅವನ ಹೆಗಲ ಮೇಲೆ ಕೈಯಿಟ್ಟು, “ಎಲ್ಲಾ ಮೇಲಿಂದ ಬಂತಪ್ಪ. ನನ್ನ ಕೈಲಿ ಏನೂ ಇರ್ಲಿಲ್ಲ,” ಎಂದೆ. ಅವನು, “ಪರವಾಗಿಲ್ಲ ಬಿಡಿ ಅಣ್ಣ,” ಎಂದು ನನ್ನನ್ನೇ ಸಮಾಧಾನ ಮಾಡಿದ. ಸವಿತಾ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ತೊಂಬತ್ತು ದಿನ ಅವರಷ್ಟೇ ಅಲ್ಲ, ನಾನೂ ಕ್ಯಾಲೆಂಡರ್ ನೋಡುತ್ತಿದ್ದೆ. ಗಡುವಿಗೆ ಇನ್ನೊಂದು ವಾರವಿದೆ ಎನ್ನುವಾಗ ಅವನಿಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿತು. ಹಸುಗೂಸನ್ನು ಎತ್ತಿಕೊಂಡು ಹೊರಟರು. ಯುಗಾದಿಗೊಮ್ಮೆ ಶುಭಾಶಯ ಕಳಿಸುತ್ತಿದ್ದ, ನಾನು ಕೈ ಮುಗಿದ ಚಿತ್ರ ಕಳಿಸುತ್ತಿದ್ದೆ. ನಾವು ಅಡಿಲೇಡಿಗೆ ಬಂದ ವರ್ಷವೇ ವೇರಾ ಆಂಟಿ ತೀರಿಹೋದರಂತೆ. ತಮ್ಮನಿಗೆ ಹೇಳದೆ ಉಳಿಸಿಕೊಂಡದ್ದನ್ನು ನನಗಾದರೂ ಹೇಳಿ ಹೋದರು. ನಾನು ಯಾರಿಗೆ ಹೇಳಿದ್ದೆ? ಮಾಲತಿಗೂ ಹೇಳಿರಲಿಲ್ಲ.

ಮಾಡ್ಬರಿಯಲ್ಲಿ ಸೊಪ್ಪನ್ನು ಟ್ರಾಲಿಗೆ ಹಾಕಿ, ಕಾರಿನಲ್ಲಿ ಕೂತು, ಧೈರ್ಯ ಕರಗುವ ಮುಂಚೆ ಬ್ರಿಸ್ಬೇನಿಗೆ ಫೋನ್ ಮಾಡಿದೆ.

“ಗಿರೀಶ, ಅವತ್ತು ಮೇಲಿಂದ ಬಂದಿದ್ದಲ್ಲ. ನಿನ್ನ ಹೆಸರು ಬರೆದವನು ನಾನು.”

ಅವನ ಹಿಂದೆ ಮಗಳು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದಳು.

“ಸವಿತಾ ಅವತ್ತೇ ಹೇಳಿದ್ಲು. ನಾನು ನಂಬ್ಲಿಲ್ಲ, ಅವಳ ಜೊತೆ ಜಗಳ ಆಡ್ದೆ,” ಎಂದ. “ನೀವು ಅವತ್ತೇ ಹೇಳಿದ್ರೆ ನಿಮ್ಮ ಜೊತೆ ಆಡ್ತಿದ್ದೆ ಅಣ್ಣ. ಆಡಿ ಮುಗಿಸ್ತಿದ್ದೆ.” “ಆಮೇಲೆ ಫೋನ್ ಮಾಡ್ತೀನಿ,” ಎಂದು ಇಟ್ಟ.

ಇವತ್ತಿಗೆ ಹನ್ನೊಂದು ದಿನ. ಮತ್ತೆ ನಾನಾಗಿ ಮಾಡಿಲ್ಲ, ಈಗ ಮಾತಾಡುವ ಸರದಿ ಅವನದು. ಫೋನ್ ರಿಂಗಾದಾಗಲೆಲ್ಲ ಅವನ ಹೆಸರಿದೆಯೇ ಎಂದು ನೋಡುತ್ತೇನೆ. ಬೈಯುವುದಕ್ಕಾದರೂ ಮಾಡಲಿ ಎಂದು ಕಾಯುತ್ತಿದ್ದೇನೆ.